ಬದುಕಿನ ದೊಡ್ಡ ತೀರ್ಮಾನ ಮತ್ತು ಪ್ರಾರ್ಥನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಂದ ಸಂಬಂಧಕ್ಕೆ ಒಪ್ಪುವುದೋ ಬೇಡವೋ, ಕಾನ್ವೆಂಟ್ ಅಥವಾ ಸೆಮಿನರಿ ಸೇರುವುದೋ, ಕುವೈತಿನ ಆಸ್ಪತ್ರೆಯ ನೌಕರಿಗೆ ಹೊರಡುವುದೋ, ಬೆಂಗಳೂರಿನ ಕೆಲಸ ಬಿಟ್ಟು ಹಾಸಿಗೆ ಹಿಡಿದ ತಂದೆಯ ಬಳಿಗೆ ಮರಳುವುದೋ ಎಂಬ ತೊಳಲಾಟ ಹೊತ್ತು ಪ್ರಾರ್ಥನೆಗೆ ಕೂರುವ ಕ್ರೈಸ್ತರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ಧರ್ಮಭಗಿನಿಯಲ್ಲ, ದೈವಶಾಸ್ತ್ರ ಓದಿದವಳೂ ಅಲ್ಲ. ಒಂದು ದೊಡ್ಡ ತೀರ್ಮಾನವನ್ನು ಈ ದಾರಿಯಲ್ಲಿ ಮಾಡಿದವಳು. ಆಮೇಲೆ ನಮ್ಮ ಧರ್ಮಕೇಂದ್ರದಲ್ಲಿ ಹಲವರ ಜೊತೆ ಕೂತು ಅವರ ಮಾತು ಕೇಳಿದವಳು. ಇಲ್ಲಿ ಹೇಳಿರುವ ಕ್ರಮ ಹೆಚ್ಚಾಗಿ ಲೊಯೋಲದ ಸಂತ ಇಗ್ನೇಷಿಯಸ್ ಅವರದು. ಅದು ಕಥೋಲಿಕ ಪರಂಪರೆಯಲ್ಲಿ ಹುಟ್ಟಿದ್ದರೂ ಪ್ರೊಟೆಸ್ಟೆಂಟ್ ಪರಂಪರೆಯ ಸಿ.ಎಸ್.ಐ. (ದಕ್ಷಿಣ ಭಾರತ) ಸಭೆಯ ಗೆಳತಿಯರಿಗೂ ಒದಗಿದ್ದನ್ನು ಕಂಡಿದ್ದೇನೆ.

ಎಲ್ಲ ತೀರ್ಮಾನಗಳಿಗೂ ಇಷ್ಟು ಪ್ರಾರ್ಥನೆ, ಇಷ್ಟು ವಿವೇಚನೆ ಬೇಕೇ?

ಬೇಡ. ಸುಳ್ಳು ಲೆಕ್ಕ ಬರೆಯಬೇಕೋ ಬೇಡವೋ ಎಂದು ದೇವರನ್ನು ಕೇಳಬೇಕಾಗಿಲ್ಲ; ಅದಕ್ಕೆ ಆಜ್ಞೆಯೇ ಇದೆ. ಮದುವೆಯಾದವರು ತಮ್ಮ ಸಂಗಾತಿಯನ್ನು ಮತ್ತೊಮ್ಮೆ ಆರಿಸುವುದಕ್ಕೆ ಪ್ರಾರ್ಥನೆ ಹೂಡುವುದೂ ಸಲ್ಲದು. ಎರಡು ದಾರಿಗಳೂ ಒಳ್ಳೆಯವೇ ಆಗಿದ್ದು, ಎರಡರಲ್ಲೂ ದೇವರ ಸೇವೆ ಸಾಧ್ಯವಿದ್ದು, ಯಾವುದು ನನ್ನದು ಎಂದು ತಿಳಿಯದೇ ಇರುವಲ್ಲಿ ಮಾತ್ರ ವಿವೇಚನೆಗೆ ಕೆಲಸ.

ದೇವರ ಚಿತ್ತ ಮೊದಲೇ ಬರೆದಿಟ್ಟಿರುತ್ತದೆಯೇ? ನಾನು ಅದನ್ನು ಸರಿಯಾಗಿ ಹುಡುಕದೆ ಹೋದರೆ ಬದುಕೆಲ್ಲ ಹಾಳಾಗುತ್ತದೆಯೇ?

ಈ ಭಯ ಹೊತ್ತು ಬರುವವರೇ ಹೆಚ್ಚು. ದೇವರು ಒಂದು ಚೀಟಿಯಲ್ಲಿ ಉತ್ತರ ಬರೆದು ಎಲ್ಲೋ ಬಚ್ಚಿಟ್ಟಿದ್ದಾನೆ, ಅದನ್ನು ಹುಡುಕಿ ತೆಗೆಯುವುದು ನಮ್ಮ ಪರೀಕ್ಷೆ, ತಪ್ಪಿದರೆ ಶಿಕ್ಷೆ ಎಂದು ಅವರು ನಂಬಿರುತ್ತಾರೆ. ಯೇಸು ನಮಗೆ ತೋರಿಸಿದ ತಂದೆ ಅಂಥವನಲ್ಲ. ಜ್ಞಾನ ಕಡಿಮೆಯಾದವನು ದೇವರನ್ನು ಕೇಳಿಕೊಳ್ಳಲಿ, ಆತನು ಹಂಗಿಸದೆ ಎಲ್ಲರಿಗೂ ಉದಾರವಾಗಿ ಕೊಡುತ್ತಾನೆ ಎಂಬ ಅರ್ಥದ ಮಾತು ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದಲ್ಲೇ ಇದೆ. ಆ ‘ಹಂಗಿಸದೆ’ ಎಂಬ ಮಾತಿನ ಮೇಲೆಯೇ ನಾನು ಎಷ್ಟೋ ರಾತ್ರಿ ಪ್ರಾರ್ಥಿಸಿದ್ದೇನೆ. ದೇವರ ಚಿತ್ತವೆಂದರೆ ಮೊದಲಿಗೆ ನಾವು ಆತನನ್ನೂ ನೆರೆಯವರನ್ನೂ ಪ್ರೀತಿಸುವುದು. ಅದು ಎಲ್ಲಿ, ಯಾರ ಜೊತೆ, ಯಾವ ಕೆಲಸದಲ್ಲಿ ಎಂಬುದನ್ನು ಆತನು ನಮ್ಮ ಬುದ್ಧಿ, ಮನಸ್ಸು, ಸಂದರ್ಭಗಳ ಮೂಲಕ ನಮ್ಮೊಂದಿಗೆ ಕೂಡಿಯೇ ಬಿಡಿಸುತ್ತಾನೆ.

ಈ ಕ್ರಮ ಎಲ್ಲಿಂದ ಬಂತು?

ಹಾಸಿಗೆ ಹಿಡಿದ ಒಬ್ಬ ಸೈನಿಕನಿಂದ. 1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಇಗ್ನೇಷಿಯಸ್‌ನ ಕಾಲು ಮುರಿಯಿತು. ಲೊಯೋಲದ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದಾಗ ಹೊತ್ತು ಕಳೆಯಲು ವೀರರ ಪ್ರಣಯಕಥೆಗಳನ್ನು ಕೇಳಿದರೆ, ಆ ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳ ಪುಸ್ತಕಗಳು ಮಾತ್ರ. ಅವನ್ನು ಓದುತ್ತ, ನಡುನಡುವೆ ತನ್ನ ಹಳೆಯ ಕನಸುಗಳನ್ನೂ ಕಾಣುತ್ತ ಇದ್ದವನಿಗೆ ಒಂದು ಸಂಗತಿ ಕಂಡಿತು. ಒಬ್ಬ ಉನ್ನತ ಕುಲದ ಹೆಂಗಸಿನ ಮೆಚ್ಚುಗೆ ಗಳಿಸುವ ಕನಸು ಕಾಣುವಾಗ ಹಿತವಾಗಿರುತ್ತಿತ್ತು, ಮುಗಿದ ಮೇಲೆ ಮನಸ್ಸು ಒಣಗಿ ಬರಡಾಗುತ್ತಿತ್ತು. ಸಂತರಂತೆ ಬರಿಗಾಲಲ್ಲಿ ಜೆರೂಸಲೇಮಿಗೆ ಹೋಗುವ ಯೋಚನೆಯೂ ಹಿತವಾಗಿಯೇ ಇರುತ್ತಿತ್ತು. ಆದರೆ ಯೋಚನೆ ಸರಿದುಹೋದ ಮೇಲೂ ಆ ಸಂತೋಷ ಉಳಿಯುತ್ತಿತ್ತು.

ಇಷ್ಟೇ ಅವನು ಗಮನಿಸಿದ್ದು. ಯೋಚನೆ ಬಂದಾಗ ಹೇಗಿತ್ತು ಎಂಬುದಕ್ಕಿಂತ, ಅದು ಹೋದ ಮೇಲೆ ಮನಸ್ಸಿನಲ್ಲಿ ಏನು ಉಳಿಯಿತು ಎಂಬುದು ಮುಖ್ಯ. ಮುಂದೆ ಮನ್ರೇಸ ಎಂಬ ಊರಿನಲ್ಲಿ ಸುಮಾರು ಹತ್ತು ತಿಂಗಳು ತಪಸ್ಸಿನಂತೆ ಕಳೆದು, ತನ್ನ ಅನುಭವವನ್ನು ಬರೆದಿಡತೊಡಗಿದ. ಅದೇ ಬೆಳೆದು ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಚಿಕ್ಕ ಪುಸ್ತಕವಾಗಿ 1548ರಲ್ಲಿ ಪೋಪ್ ಮೂರನೇ ಪೌಲರ ಒಪ್ಪಿಗೆಯೊಂದಿಗೆ ಅಚ್ಚಾಯಿತು. ಇಗ್ನೇಷಿಯಸ್ ಕಟ್ಟಿದ ಯೇಸುಸಭೆಯ, ಅಂದರೆ ಜೆಸ್ವಿಟ್ ಸಂಘದ, ಇಟಲಿಯ ಗುರುಗಳು 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದರು. ನಮ್ಮ ಕಡೆಯ ಮೌನ ಧ್ಯಾನಕೂಟಗಳಲ್ಲಿ ಇಂದಿಗೂ ಅದೇ ಪುಸ್ತಕದ ಜಾಡು ಕಾಣುತ್ತದೆ.

ಪ್ರಾರ್ಥನೆಗೆ ಕೂರುವ ಮುಂಚೆ ಏನಾದರೂ ಸಿದ್ಧತೆ ಬೇಕೇ?

ಎರಡು ಸಿದ್ಧತೆ ಬೇಕು, ಒಂದು ಹೊರಗಿನದು, ಒಂದು ಒಳಗಿನದು.

ಹೊರಗಿನದು ಸಂಗತಿಗಳನ್ನು ತಿಳಿದುಕೊಳ್ಳುವುದು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಕೇಳಿದವನು ಯೇಸುವೇ. ಕೊಲ್ಲಿಯ ನೌಕರಿಗೆ ಹೊರಟವರು ಕರಾರುಪತ್ರವನ್ನು ಕೊನೆಯ ಸಾಲಿನವರೆಗೆ ಓದಬೇಕು, ಏಜೆಂಟನ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯೇ ಎಂದು ನೋಡಬೇಕು, ಸಾಲದ ಬಡ್ಡಿಯನ್ನು ಕೂಡಿ ಬರೆಯಬೇಕು. ಮದುವೆಯ ಮಾತಾದರೆ ಹುಡುಗನನ್ನೋ ಹುಡುಗಿಯನ್ನೋ ಒಂದೇ ಸಲ ನೋಡಿ ಮುಗಿಸದೆ ಮಾತಾಡಬೇಕು. ಇದನ್ನೆಲ್ಲ ಬಿಟ್ಟು ಬರೀ ಮೊಣಕಾಲೂರುವುದು ಭಕ್ತಿಯಲ್ಲ ಎಂದು ನಾನು ಖಂಡಿತವಾಗಿ ನಂಬಿದ್ದೇನೆ. ವಿಷಯ ತಿಳಿಯದೆ ಮಾಡಿದ ಪ್ರಾರ್ಥನೆಗೆ ದೇವರು ಉತ್ತರ ಕೊಟ್ಟರೂ ನಮಗೆ ಅರ್ಥವಾಗುವುದಿಲ್ಲ.

ಒಳಗಿನದು ಬಹಳ ಕಷ್ಟದ್ದು. ಇಗ್ನೇಷಿಯಸ್ ಇದಕ್ಕೆ ತಕ್ಕಡಿಯ ಮುಳ್ಳಿನ ಹೋಲಿಕೆ ಕೊಡುತ್ತಾರೆ. ಎರಡು ತಟ್ಟೆಗಳ ನಡುವೆ ಮುಳ್ಳು ಸರಿಯಾಗಿ ನಿಂತ ಮೇಲೆಯೇ ತೂಗಬೇಕು. ಮುಳ್ಳು ಮೊದಲೇ ಒಂದು ಕಡೆ ವಾಲಿದ್ದರೆ ಅಂಗಡಿಯವನು ಎಷ್ಟು ಪ್ರಾಮಾಣಿಕನಾದರೂ ತೂಕ ಸುಳ್ಳೇ. ನಮ್ಮಲ್ಲಿ ಬಹಳಷ್ಟು ಜನ ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟು, ಅದಕ್ಕೆ ದೇವರ ಸಹಿ ಹಾಕಿಸಿಕೊಳ್ಳಲು ಪ್ರಾರ್ಥನೆಗೆ ಬರುತ್ತೇವೆ. ಮೊದಲು ಹಣವನ್ನೋ ಮದುವೆಯನ್ನೋ ಆರಿಸಿ, ಆಮೇಲೆ ಅದರಲ್ಲಿ ದೇವರ ಸೇವೆಗೆ ಜಾಗ ಹುಡುಕುವುದನ್ನು ಇಗ್ನೇಷಿಯಸ್ ಗುರಿಯನ್ನು ದಾರಿಯಾಗಿ, ದಾರಿಯನ್ನು ಗುರಿಯಾಗಿ ಮಾಡಿಕೊಂಡಂತೆ ಎನ್ನುತ್ತಾರೆ. ಆದ್ದರಿಂದ ಮೊದಲ ಕೆಲವು ದಿನ ‘ಯಾವುದನ್ನು ಆರಿಸಲಿ’ ಎಂದು ಕೇಳಲೇಬೇಡಿ. ‘ಸ್ವಾಮಿ, ಯಾವುದಾದರೂ ಸರಿ ಎನ್ನುವ ಮನಸ್ಸು ಕೊಡು’ ಎಂದು ಕೇಳಿ. ಆ ಮನಸ್ಸು ಇನ್ನೂ ಬಂದಿಲ್ಲವೆಂದಾದರೆ ‘ಆ ಮನಸ್ಸು ಬೇಕೆನ್ನುವ ಆಸೆಯನ್ನಾದರೂ ಕೊಡು’ ಎನ್ನಿ. ಗೆತ್ಸೇಮನೆಯಲ್ಲಿ ಯೇಸು ಸಹ ಮೊದಲು ತನ್ನ ಇಷ್ಟವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡ, ಆಮೇಲೆ ತಂದೆಯ ಚಿತ್ತಕ್ಕೆ ಒಪ್ಪಿಸಿದ.

ದಿನವೂ ಹೇಗೆ ಪ್ರಾರ್ಥಿಸಬೇಕು? ಎಷ್ಟು ಹೊತ್ತು?

ನಿತ್ಯ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಅರ್ಧ ಗಂಟೆ ಸಾಕು. ಶುಭಸಂದೇಶದ ಒಂದು ಚಿಕ್ಕ ಭಾಗವನ್ನು ನಿಧಾನವಾಗಿ ಎರಡು ಸಲ ಓದಿ, ಆ ದೃಶ್ಯದೊಳಗೆ ನೀವೂ ಇದ್ದೀರಿ ಎಂದುಕೊಂಡು, ಯೇಸುವಿನೊಂದಿಗೆ ಗೆಳೆಯನೊಬ್ಬನ ಬಳಿ ಮಾತಾಡುವಂತೆ ಮಾತಾಡಿ. ಹನ್ನೆರಡು ಮಂದಿಯನ್ನು ಆರಿಸುವ ಹಿಂದಿನ ಇರುಳು ಯೇಸು ಬೆಟ್ಟದಲ್ಲಿ ರಾತ್ರಿಯೆಲ್ಲ ಪ್ರಾರ್ಥಿಸಿದ ಲೂಕನ ಆರನೆಯ ಅಧ್ಯಾಯ ಮೊದಲ ದಿನಕ್ಕೆ ತಕ್ಕುದು.

ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷದ ಆತ್ಮಶೋಧನೆ ಇರಲಿ. ದಿನದಲ್ಲಿ ಸಿಕ್ಕ ಒಳಿತಿಗೆ ಕೃತಜ್ಞತೆ ಹೇಳಿ, ಬೆಳಗಿನಿಂದ ನಡೆದದ್ದನ್ನು ನೆನೆದು, ಆ ತೀರ್ಮಾನದ ಯೋಚನೆ ಬಂದಾಗಲೆಲ್ಲ ಮನಸ್ಸು ಹೇಗಾಯಿತು ಎಂದು ಒಂದೆರಡು ಸಾಲು ಬರೆದಿಡಿ. ತಾರೀಖು ಹಾಕುವುದನ್ನು ಮರೆಯಬೇಡಿ. ಮೂರು ವಾರದ ನಂತರ ಆ ಸಾಲುಗಳನ್ನು ಒಟ್ಟಿಗೆ ಓದಿದಾಗ ಕಾಣುವ ದಾರಿ, ಅದೇ ದಿನ ಕೂತು ಯೋಚಿಸಿದರೆ ಕಾಣುವುದಿಲ್ಲ.

ಮನಸ್ಸಿನಲ್ಲಿ ಕೇಳುವುದು ದೇವರ ಧ್ವನಿಯೋ ನನ್ನದೇ ಆಸೆಯೋ ಎಂದು ಹೇಗೆ ತಿಳಿಯುವುದು?

ನಿಮ್ಮ ಆಸೆ ಎಂದಮಾತ್ರಕ್ಕೆ ಅದು ದೇವರದ್ದಲ್ಲ ಎಂದು ಅರ್ಥವಲ್ಲ. ಎಷ್ಟೋ ಸಲ ಆಳವಾದ ಆಸೆಯನ್ನು ಬಿತ್ತಿದವನೇ ಆತನು.

ಇಗ್ನೇಷಿಯಸ್ ಎರಡು ಸ್ಥಿತಿಗಳನ್ನು ಹೇಳುತ್ತಾರೆ. ನಂಬಿಕೆ, ಭರವಸೆ, ಪ್ರೀತಿ ಹೆಚ್ಚಿ, ಮನಸ್ಸು ದೇವರ ಕಡೆಗೂ ಜನರ ಕಡೆಗೂ ತೆರೆದುಕೊಂಡು ಶಾಂತವಾಗಿರುವುದು ಸಾಂತ್ವನ. ಕತ್ತಲು ಕವಿದಂತಾಗಿ, ಪ್ರಾರ್ಥನೆ ಬೇಡವೆನಿಸಿ, ದೇವರು ದೂರವಾದನೆಂದು ತೋರಿ, ಕೀಳು ಸುಖಗಳ ಕಡೆಗೆ ಮನಸ್ಸು ಎಳೆಯುವುದು ಬರಡುತನ. ಸಾಂತ್ವನವೆಂದರೆ ಖುಷಿ ಎಂದಷ್ಟೇ ತಿಳಿಯಬಾರದು. ತನ್ನ ಪಾಪಕ್ಕಾಗಿ, ಕ್ರಿಸ್ತನ ಪಾಡಿಗಾಗಿ ಅಳುವುದನ್ನೂ ಅವರು ಸಾಂತ್ವನದಲ್ಲೇ ಸೇರಿಸಿದ್ದಾರೆ. ಹಾಗೆಯೇ, ಹೊಸ ಕೆಲಸದ ಪತ್ರ ಬಂದ ದಿನದ ಹುಮ್ಮಸ್ಸು ಸಾಂತ್ವನವೇ ಆಗಿರಬೇಕಾಗಿಲ್ಲ.

ಇದರ ಗುರುತಿಗೆ ಅವರು ಕೊಟ್ಟ ಒಂದು ಹೋಲಿಕೆ ನನಗೆ ಬಹಳ ಇಷ್ಟ. ದೇವರ ದಾರಿಯಲ್ಲಿ ಮುಂದೆ ಸಾಗುತ್ತಿರುವವರೊಳಗೆ ಒಳ್ಳೆಯ ಆತ್ಮವು ಸ್ಪಂಜಿಗೆ ನೀರಿನ ಹನಿ ಇಳಿದಂತೆ ಸದ್ದಿಲ್ಲದೆ ಇಳಿಯುತ್ತದೆ. ಕೆಟ್ಟದ್ದು ಕಲ್ಲಿನ ಮೇಲೆ ಹನಿ ಬಿದ್ದಂತೆ ಚಿಟಚಿಟ ಸಿಡಿಯುತ್ತದೆ. ಹೋರೇಬ್ ಬೆಟ್ಟದಲ್ಲಿ ಎಲೀಯನಿಗೆ ಬಿರುಗಾಳಿಯಲ್ಲಿ, ಭೂಕಂಪದಲ್ಲಿ, ಬೆಂಕಿಯಲ್ಲಿ ದೇವರು ಸಿಗಲಿಲ್ಲ. ಆಮೇಲೆ ಬಂದ ಮೆಲ್ಲನೆಯ ಸದ್ದಿನಲ್ಲಿ ಸಿಕ್ಕ. ‘ಇವತ್ತೇ ಹೇಳಬೇಕು, ಈಗಲೇ ಸಹಿ ಹಾಕಬೇಕು, ಯಾರಿಗೂ ಹೇಳಬೇಡ’ ಎಂದು ಅವಸರಪಡಿಸುವ, ಗುಟ್ಟು ಬಯಸುವ ಯೋಚನೆಗಳನ್ನು ನಾನು ಸುಲಭವಾಗಿ ನಂಬುವುದಿಲ್ಲ.

ಮನಸ್ಸು ತೀರಾ ಕುಗ್ಗಿದೆ. ಈ ಸ್ಥಿತಿಯಲ್ಲಿ ತೀರ್ಮಾನ ಮಾಡಬಹುದೇ?

ಮಾಡಬಾರದು. ಬರಡುತನದ ಹೊತ್ತಿನಲ್ಲಿ ಹಿಂದೆ ಮಾಡಿದ ತೀರ್ಮಾನವನ್ನು ಬದಲಿಸಕೂಡದು, ಅದಕ್ಕೆ ಮುಂಚಿನ ದಿನ ಎಲ್ಲಿ ನಿಂತಿದ್ದಿರೋ ಅಲ್ಲೇ ಗಟ್ಟಿಯಾಗಿ ನಿಲ್ಲಬೇಕು ಎಂಬುದು ಇಗ್ನೇಷಿಯಸ್‌ರ ಅತ್ಯಂತ ಖಚಿತ ನಿಯಮ. ರಾಜೀನಾಮೆ ಪತ್ರಗಳು, ಮುರಿದ ನಿಶ್ಚಿತಾರ್ಥಗಳು, ಕಾನ್ವೆಂಟ್ ಬಿಟ್ಟು ಬಂದ ರಾತ್ರಿಗಳು ಎಷ್ಟೋ ಇಂಥ ಹೊತ್ತಿನಲ್ಲೇ ಹುಟ್ಟಿವೆ. ಪ್ರಾರ್ಥನೆಯನ್ನು ಸ್ವಲ್ಪ ಹೆಚ್ಚಿಸಿ, ನಂಬಿದವರೊಬ್ಬರಿಗೆ ಹೇಳಿ, ಕಾಯಿರಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಿದ್ದೆ ಹೋಗಿ, ಊಟ ಬೇಡವಾಗಿ, ಬದುಕೇ ಸಾಕೆನಿಸಿ ಎರಡು ವಾರ ಕಳೆದಿದ್ದರೆ ಅದನ್ನು ಆಧ್ಯಾತ್ಮಿಕ ಬರಡುತನವೆಂದು ಹೆಸರಿಟ್ಟು ಸಹಿಸಿಕೊಳ್ಳಬೇಡಿ. ಅದು ಖಿನ್ನತೆಯೆಂಬ ಕಾಯಿಲೆ ಇರಬಹುದು, ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಔಷಧ ತೆಗೆದುಕೊಳ್ಳುವುದು ನಂಬಿಕೆಯ ಕೊರತೆಯಲ್ಲ.

ಎಷ್ಟು ಪ್ರಾರ್ಥಿಸಿದರೂ ಏನೂ ಅನಿಸುತ್ತಿಲ್ಲ. ಆಗ?

ಗಾಬರಿ ಬೇಡ. ತೀರ್ಮಾನಕ್ಕೆ ಮೂರು ಹೊತ್ತುಗಳಿವೆ ಎನ್ನುತ್ತಾರೆ ಇಗ್ನೇಷಿಯಸ್. ಪೌಲನಿಗೂ ಮತ್ತಾಯನಿಗೂ ಆದಂತೆ ಅನುಮಾನಕ್ಕೆ ಎಡೆಯೇ ಇಲ್ಲದೆ ಕರೆ ಬರುವುದು ಮೊದಲನೆಯದು. ಸಾಂತ್ವನ, ಬರಡುತನಗಳು ಬಂದು ಹೋಗುವುದನ್ನು ನೋಡಿ ತಿಳಿಯುವುದು ಎರಡನೆಯದು. ಮನಸ್ಸು ಆ ಕಡೆಗೂ ಈ ಕಡೆಗೂ ಅಲುಗದೆ ಶಾಂತವಾಗಿರುವಾಗ ಬುದ್ಧಿ ಬಳಸಿ ತೂಗುವುದು ಮೂರನೆಯದು. ಮೂರನೆಯದು ಕೀಳೆಂದು ಅವರು ಎಲ್ಲೂ ಹೇಳಿಲ್ಲ.

ಇದರ ವಿಧಾನ ಸರಳ. ಹಾಳೆಯಲ್ಲಿ ನಾಲ್ಕು ಮನೆ ಮಾಡಿ: ಇದನ್ನು ಒಪ್ಪಿದರೆ ಆಗುವ ಒಳಿತು, ಆಗುವ ಅಪಾಯ, ಬಿಟ್ಟರೆ ಆಗುವ ಒಳಿತು, ಆಗುವ ಅಪಾಯ. ಒಳಿತೆಂದರೆ ಸಂಬಳವಷ್ಟೇ ಅಲ್ಲ, ನಾನು ಸೃಷ್ಟಿಯಾದ ಉದ್ದೇಶಕ್ಕೆ ಇದು ಎಷ್ಟು ಒದಗುತ್ತದೆ ಎಂಬುದು. ಆಮೇಲೆ ಕಾರಣಗಳನ್ನು ಎಣಿಸದೆ ತೂಗಿ.

ನನ್ನ ಅನುಭವವನ್ನೇ ಹೇಳುತ್ತೇನೆ. ಸಕಲೇಶಪುರದ ಕಡೆಯ ನಮ್ಮೂರಲ್ಲಿ ಅಪ್ಪನಿಗೆ ಪಾರ್ಶ್ವವಾಯು ಹೊಡೆದಾಗ ನಾನು ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೆ. ಎಂಟು ದಿನದ ಮೌನ ಧ್ಯಾನಕೂಟಕ್ಕೆ ಹೋದಾಗ ಮೊದಲ ಐದು ದಿನ ಏನೂ ಅನಿಸಲಿಲ್ಲ. ಆರನೆಯ ದಿನ, ಹಿಂದಿನ ಹಾಳೆಗಳಲ್ಲಿ ಹಾಲಿನ ಲೆಕ್ಕ ಬರೆದಿದ್ದ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಮನೆ ಎಳೆದು ತುಂಬಿಸಿದೆ. ಊರಿಗೆ ಮರಳಲು ಹನ್ನೊಂದು ಕಾರಣ, ಬೆಂಗಳೂರಲ್ಲೇ ಉಳಿಯಲು ಏಳು. ನನ್ನ ಜೊತೆಗಿದ್ದ ವಯಸ್ಸಾದ ಸಿಸ್ಟರ್ ಓದಿ ಏನೂ ಹೇಳದೆ, ‘ಇದರಲ್ಲಿ ಭಯದಿಂದ ಬರೆದದ್ದು ಯಾವುದು ನೋಡಮ್ಮ’ ಎಂದು ಪೆನ್ಸಿಲ್ ಕೊಟ್ಟರು. ಹನ್ನೊಂದರಲ್ಲಿ ಎಂಟು ಕಾರಣಗಳು ನೆಂಟರು ಏನನ್ನುತ್ತಾರೋ ಎಂಬ ಒಂದೇ ಭಯದ ಬೇರೆ ಬೇರೆ ರೂಪಗಳಾಗಿದ್ದವು. ಉಳಿಯಲು ಬರೆದ ಏಳರಲ್ಲಿ ಐದು, ಸಂಬಳ ನಿಂತರೆ ಏನು ಗತಿ ಎಂಬ ಭಯದ್ದು. ಭಯದಿಂದ ಬರೆದದ್ದನ್ನೆಲ್ಲ ಹೊಡೆದುಹಾಕಿದ ಮೇಲೆ ಮೊದಲ ಮನೆಯ ಕೆಳಗೆ ಚಿಕ್ಕದಾಗಿ ಬರೆದಿದ್ದ ಒಂದು ಸಾಲು ಎದ್ದು ಕಂಡಿತು: ಅಪ್ಪನಿಗೆ ಗಂಜಿ ಕುಡಿಸುವಾಗ ನನಗೆ ಅವಸರವಾಗುವುದಿಲ್ಲ. ಅದನ್ನು ಒಂದು ಕಾರಣವೆಂದುಕೊಂಡು ನಾನು ಬರೆದಿರಲೇ ಇಲ್ಲ.

ಹಾಳೆ ಸಾಲದಿದ್ದರೆ ಇಗ್ನೇಷಿಯಸ್ ಇನ್ನೂ ಮೂರು ಕಲ್ಪನೆಗಳನ್ನು ಕೊಡುತ್ತಾರೆ. ಹಿಂದೆಂದೂ ಕಾಣದ ಒಬ್ಬ ವ್ಯಕ್ತಿ ಇದೇ ಪ್ರಶ್ನೆ ಹಿಡಿದು ಬಂದರೆ, ಅವನ ಒಳಿತನ್ನೇ ಬಯಸಿ ನಾನು ಏನು ಹೇಳುತ್ತೇನೆ? ಸಾಯುವ ಗಳಿಗೆಯಲ್ಲಿ ಹಿಂತಿರುಗಿ ನೋಡಿದರೆ ಯಾವುದನ್ನು ಆರಿಸಿದ್ದರೆ ಚೆನ್ನಾಗಿತ್ತು ಎನಿಸುತ್ತದೆ? ನ್ಯಾಯತೀರ್ಪಿನ ದಿನ ಕ್ರಿಸ್ತನ ಮುಂದೆ ನಿಂತಾಗ? ಮೊದಲನೆಯದೇ ಬಹಳ ಜನರಿಗೆ ಕಣ್ಣು ತೆರೆಸುತ್ತದೆ.

ದೇವರಿಂದ ಒಂದು ಗುರುತು ಕೇಳಬಹುದೇ? ಚೀಟಿ ಎತ್ತುವುದು, ಬೈಬಲ್ ತೆರೆದು ಸಿಕ್ಕ ವಚನ ಓದುವುದು ಸರಿಯೇ?

ಗಿದ್ಯೋನನು ಉಣ್ಣೆಯನ್ನು ಕಣದಲ್ಲಿಟ್ಟು ಗುರುತು ಕೇಳಿದ್ದೂ, ಅಪೊಸ್ತಲರು ಚೀಟು ಹಾಕಿ ಮತ್ತೀಯನನ್ನು ಆರಿಸಿದ್ದೂ ಬೈಬಲಿನಲ್ಲಿವೆ. ಆದರೆ ಗಿದ್ಯೋನನಿಗೆ ದೇವರ ಆಜ್ಞೆ ಆಗಲೇ ಸಿಕ್ಕಿತ್ತು. ಅವನಿಗೆ ಬೇಕಿದ್ದದ್ದು ಧೈರ್ಯ. ಮತ್ತೀಯನ ಆಯ್ಕೆ ನಡೆದದ್ದು ಪಂಚಾಶತ್ತಮ ಹಬ್ಬಕ್ಕೆ ಮುಂಚೆ. ಪವಿತ್ರಾತ್ಮ ಇಳಿದ ಮೇಲೆ ಅಪೊಸ್ತಲರು ಚೀಟು ಹಾಕಿದ್ದು ಎಲ್ಲೂ ಕಾಣುವುದಿಲ್ಲ. ಅವರು ಕೂಡಿ ಕೂತು, ವಾದಿಸಿ, ಪವಿತ್ರಾತ್ಮನಿಗೂ ನಮಗೂ ಇದು ಸರಿತೋರಿತು ಎಂದು ಪತ್ರ ಬರೆದರು.

ಇಗ್ನೇಷಿಯಸ್‌ರ ಬದುಕಿನಲ್ಲೇ ಇದಕ್ಕೊಂದು ಪ್ರಸಂಗವಿದೆ, ಅವರೇ ಮುಪ್ಪಿನಲ್ಲಿ ಹೇಳಿ ಬರೆಸಿದ್ದು. ಮನಸ್ಸು ತಿರುಗಿದ ಹೊಸತರಲ್ಲಿ ಮೊನ್ಸೆರಾಟ್ ಬೆಟ್ಟಕ್ಕೆ ಹೇಸರಗತ್ತೆ ಏರಿ ಹೋಗುವಾಗ, ದಾರಿಯಲ್ಲಿ ಸಿಕ್ಕ ಒಬ್ಬ ಮುಸ್ಲಿಂ ಪಯಣಿಗನು ಮಾತೆ ಮರಿಯಳ ಬಗ್ಗೆ ಆಡಿದ ಮಾತಿನಿಂದ ಅವರು ಕೆರಳಿದರು. ಅವನನ್ನು ಬೆನ್ನಟ್ಟಿ ಇರಿಯಬೇಕೋ ಬಿಡಬೇಕೋ ತಿಳಿಯದೆ, ಕವಲುದಾರಿಯಲ್ಲಿ ಲಗಾಮು ಸಡಿಲಿಸಿ ಹೇಸರಗತ್ತೆಗೇ ಬಿಟ್ಟುಬಿಟ್ಟರು. ಅದು ಅವನು ಹೋದ ಹಳ್ಳಿಯ ದಾರಿ ಬಿಟ್ಟು ಹೆದ್ದಾರಿ ಹಿಡಿಯಿತು. ಒಂದು ಜೀವ ಉಳಿಯಿತು. ವಿವೇಚನೆಯ ಗುರುವೆನಿಸಿದ ಆ ಮನುಷ್ಯನಿಗೂ ಒಂದು ದಿನ ವಿವೇಚನೆ ಎಂದರೇನೆಂದು ಗೊತ್ತಿರಲಿಲ್ಲ ಎಂಬುದನ್ನು ಓದಿದಾಗ ನನಗೆ ದೊಡ್ಡ ಸಮಾಧಾನವಾಯಿತು. ಆ ಪ್ರಾಣಿಯ ಮೂಲಕವೂ ದೇವರು ಕೈಹಿಡಿದ. ಆದರೆ ಇಗ್ನೇಷಿಯಸ್ ಅಲ್ಲೇ ನಿಲ್ಲಲಿಲ್ಲ.

ಹೊಸ ವರ್ಷದ ಆರಾಧನೆಯಲ್ಲಿ ಕೈಗೆ ಬರುವ ವಾಗ್ದಾನದ ವಚನವನ್ನು ವರ್ಷವಿಡೀ ಧ್ಯಾನಿಸುವುದು ಒಳ್ಳೆಯ ಪದ್ಧತಿ. ಅದನ್ನು ವೀಸಾ ಅರ್ಜಿಗೆ ಉತ್ತರವೆಂದು ಓದುವುದು ಮಾತ್ರ ವಚನಕ್ಕೂ ನ್ಯಾಯವಲ್ಲ, ನಿಮಗೂ ಅಲ್ಲ.

ಪ್ರಾರ್ಥನಾ ಕೂಟದಲ್ಲಿ ಒಬ್ಬರು ‘ದೇವರು ನಿಮ್ಮ ಬಗ್ಗೆ ನನಗೆ ಹೀಗೆ ತಿಳಿಸಿದ್ದಾನೆ’ ಎಂದರು. ಪಾಲಿಸಬೇಕೇ?

ಪಾಲಿಸಲೇಬೇಕೆಂದಿಲ್ಲ. ಪ್ರವಾದನೆಗಳನ್ನು ಹೀನೈಸಬೇಡಿ, ಆದರೆ ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಎಂಬುದು ಥೆಸಲೋನಿಕದವರಿಗೆ ಪೌಲನು ಹೇಳಿದ ಬುದ್ಧಿಮಾತಿನ ಸಾರ. ಧ್ಯಾನಕೂಟ ನಡೆಸುವ ಗುರುವಿಗೇ ಇಗ್ನೇಷಿಯಸ್ ಕಟ್ಟುಹಾಕಿದ್ದಾರೆ: ಸಾಧಕನನ್ನು ಸನ್ಯಾಸದ ಕಡೆಗೂ ದೂಡಬಾರದು, ಬೇರೆ ಕಡೆಗೂ ದೂಡಬಾರದು, ಸೃಷ್ಟಿಕರ್ತನು ತನ್ನ ಸೃಷ್ಟಿಯೊಂದಿಗೆ ನೇರವಾಗಿ ವ್ಯವಹರಿಸಲು ಬಿಡಬೇಕು. ಮದುವೆ, ಹಣ, ಆಸ್ತಿಯ ವಿಷಯದಲ್ಲಿ ದೇವರ ಹೆಸರು ಹೇಳಿ ಒತ್ತಾಯ ಮಾಡುವವರಿಂದ, ಅವರು ಯಾರೇ ಆಗಿರಲಿ, ಎದ್ದು ಬರುವ ಹಕ್ಕು ನಿಮಗಿದೆ.

ತಂದೆತಾಯಿ ಒಪ್ಪುತ್ತಿಲ್ಲ. ಅವರ ಮಾತು ಮೀರುವುದು ಪಾಪವಲ್ಲವೇ?

ತಂದೆತಾಯಿಯನ್ನು ಗೌರವಿಸಬೇಕೆಂಬುದು ದೇವರ ಆಜ್ಞೆ. ಆದರೆ ಬದುಕಿನ ಸ್ಥಿತಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಧರ್ಮಸಭೆ ಬಹಳ ಎಚ್ಚರದಿಂದ ಕಾಪಾಡುತ್ತದೆ. ಕಥೋಲಿಕ ಧರ್ಮಸಭೆಯ ಕಾನೂನಿನಲ್ಲಿ ಬಲವಂತಕ್ಕೆ ಒಳಗಾಗಿ ಹೇಳಿದ ಮದುವೆಯ ಒಪ್ಪಿಗೆ ಸಿಂಧುವಲ್ಲ. ಬಲವಂತದಿಂದ ನವಶಿಷ್ಯತ್ವಕ್ಕೆ, ಅಂದರೆ ಸನ್ಯಾಸದ ವ್ರತಕ್ಕೆ ಮುಂಚಿನ ತರಬೇತಿಗೆ, ಸೇರಿಸಿದರೆ ಅದೂ ಸಿಂಧುವಲ್ಲ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡಿದವರಿಗೆ ಅಲ್ಲಿನ ಚಾವಣಿ ನೆನಪಿರುತ್ತದೆ. ಇಟಲಿಯ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಶೇನಿ 1899ರಿಂದ 1901ರವರೆಗೆ ಬರೆದ ಆ ಚಿತ್ರಗಳಲ್ಲಿ ಅಲೋಶಿಯಸ್ ಗೊನ್ಝಾಗನ ಬದುಕಿದೆ. ಅವನು ಸಂಸ್ಥಾನವೊಂದರ ಹಿರಿಯ ಮಗ. ಗುರುವಾಗುತ್ತೇನೆಂದಾಗ ತಂದೆ ಸಿಟ್ಟಾಗಿ ಬಹಳ ಕಾಲ ಒಪ್ಪಲಿಲ್ಲ. ಹುಡುಗ ಓಡಿಹೋಗಲಿಲ್ಲ, ಜಗಳವಾಡಲಿಲ್ಲ, ತನ್ನ ಮಾತನ್ನೂ ಬಿಡಲಿಲ್ಲ. ಕೊನೆಗೆ 1585ರಲ್ಲಿ, ತನ್ನ ಹದಿನೇಳನೆಯ ವಯಸ್ಸಿನಲ್ಲಿ, ಹಕ್ಕನ್ನೆಲ್ಲ ತಮ್ಮನಿಗೆ ಬರೆದುಕೊಟ್ಟು ಯೇಸುಸಭೆ ಸೇರಿದ. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ರೋಗಿಗಳ ಸೇವೆ ಮಾಡುತ್ತ ತಾನೂ ಕಾಯಿಲೆ ಬಿದ್ದು ತೀರಿಕೊಂಡಾಗ ಅವನಿಗೆ ಇಪ್ಪತ್ತಮೂರು.

ನಮ್ಮ ಮನೆಗಳಲ್ಲಿ ಅಪ್ಪ ಅಮ್ಮ ಬೇಡವೆನ್ನುವಾಗ ಅದರೊಳಗೆ ಒಂದು ಭಯವಿರುತ್ತದೆ, ಕೆಲವೊಮ್ಮೆ ನಿಮಗೆ ಕಾಣದ ಒಂದು ನಿಜವೂ ಇರುತ್ತದೆ. ಆ ನಿಜವನ್ನು ನಿಮ್ಮ ಹಾಳೆಯ ನಾಲ್ಕು ಮನೆಗಳಲ್ಲಿ ತಕ್ಕ ಕಡೆ ಬರೆದುಕೊಳ್ಳಿ. ಅವರಿಗೆ ಸಮಯ ಕೊಡಿ.

ಗಂಡ ಹೆಂಡತಿ ಇಬ್ಬರೂ ಕೂಡಿ ತೀರ್ಮಾನಿಸಬೇಕಾದರೆ?

1539ರಲ್ಲಿ ಇಗ್ನೇಷಿಯಸ್ ಮತ್ತು ಅವರ ಸಂಗಡಿಗರು ರೋಮಿನಲ್ಲಿ ತಾವು ಒಂದು ಸಭೆಯಾಗಿ ಕೂಡಿರಬೇಕೇ, ತಮ್ಮಲ್ಲೊಬ್ಬನಿಗೆ ವಿಧೇಯತೆಯ ವ್ರತ ಕೊಡಬೇಕೇ ಎಂಬುದನ್ನು ಸುಮಾರು ಮೂರು ತಿಂಗಳು ತೂಗಿದರು. ಹಗಲೆಲ್ಲ ಎಂದಿನ ಸೇವೆ, ರಾತ್ರಿ ಒಟ್ಟಿಗೆ ಕೂರುವುದು. ಒಂದು ರಾತ್ರಿ ಪ್ರತಿಯೊಬ್ಬರೂ ಬೇಡವೆನ್ನುವ ಕಾರಣಗಳನ್ನೇ ಹೇಳಬೇಕು. ಮರುದಿನ ಪ್ರತಿಯೊಬ್ಬರೂ ಬೇಕೆನ್ನುವ ಕಾರಣಗಳನ್ನೇ. ಹೀಗಾಗಿ ಯಾರೂ ಒಂದು ಪಕ್ಷದ ವಕೀಲರಾಗಲಿಲ್ಲ. ದಂಪತಿಗಳಿಗೆ ಇದಕ್ಕಿಂತ ಒಳ್ಳೆಯ ಕ್ರಮ ನನಗೆ ತೋರಿಲ್ಲ. ಇವತ್ತು ಇಬ್ಬರೂ ಹೋಗಬೇಕೆನ್ನುವ ಕಾರಣ ಹೇಳಿ, ನಾಳೆ ಇಬ್ಬರೂ ಹೋಗಬಾರದೆನ್ನುವುದನ್ನು. ಮಕ್ಕಳು ದೊಡ್ಡವರಿದ್ದರೆ ಅವರನ್ನೂ ಕೂರಿಸಿಕೊಳ್ಳಿ.

ಎಷ್ಟು ದಿನ ಕಾಯಬೇಕು?

ವಿಷಯದ ತೂಕಕ್ಕೆ ತಕ್ಕಷ್ಟು. ಕಾನ್ವೆಂಟ್ ಸೇರುವವರಿಗೆ ಧರ್ಮಸಭೆಯೇ ಕಾಲ ಗೊತ್ತುಮಾಡಿದೆ: ಕನಿಷ್ಠ ಹನ್ನೆರಡು ತಿಂಗಳ ನವಶಿಷ್ಯತ್ವ, ಆಮೇಲೆ ಮೂರರಿಂದ ಆರು ವರ್ಷದ ತಾತ್ಕಾಲಿಕ ವ್ರತ, ಅದಾದ ಮೇಲೆಯೇ ಆಜೀವ ವ್ರತ. ನೌಕರಿಯ ಮಾತಾದರೆ ಪತ್ರದಲ್ಲಿ ಉತ್ತರಿಸುವ ಕೊನೆಯ ತಾರೀಖು ಇರುತ್ತದೆ. ಅದಕ್ಕೆ ಮೂರು ದಿನ ಮುಂಚೆ ನಿಮ್ಮ ತಾರೀಖು ಇಟ್ಟುಕೊಳ್ಳಿ.

ಕಾಯಲು ಎಡೆಯೇ ಇಲ್ಲದ ಸಂದರ್ಭವೂ ಇದೆ. 1540ರ ಮಾರ್ಚಿನಲ್ಲಿ ಭಾರತಕ್ಕೆ ಹೊರಡಬೇಕಾಗಿದ್ದ ಬೊಬದಿಯ ಎಂಬ ಗುರು ಕಾಯಿಲೆ ಬಿದ್ದಾಗ, ಇಗ್ನೇಷಿಯಸ್ ಫ್ರಾನ್ಸಿಸ್ ಕ್ಸೇವಿಯರ್‌ನನ್ನು ಕರೆದು ಹೋಗುತ್ತೀಯಾ ಎಂದರು. ಕ್ಸೇವಿಯರ್ ಒಪ್ಪಿ, ಒಂದೆರಡು ದಿನದೊಳಗೆ ರೋಮ್ ಬಿಟ್ಟು, 1542ರ ಮೇ 6ರಂದು ಗೋವದಲ್ಲಿ ಇಳಿದರು. ಒಂದು ದಿನದಲ್ಲಿ ಆದ ತೀರ್ಮಾನವೆಂದು ಅದು ತೋರುತ್ತದೆ. ಅದರ ಹಿಂದೆ ಪ್ಯಾರಿಸ್ಸಿನಲ್ಲಿ ಒಂದೇ ಕೋಣೆಯಲ್ಲಿ ಕಳೆದ ವರ್ಷಗಳೂ, ಎಲ್ಲಿಗೆ ಕಳಿಸಿದರೂ ಸರಿ ಎಂದು ಮೊದಲೇ ಒಪ್ಪಿಸಿಕೊಂಡ ಮನಸ್ಸೂ ಇದ್ದವು. ಅವರ ತಕ್ಕಡಿಯ ಮುಳ್ಳು ಆಗಲೇ ನಡುವೆ ನಿಂತಿತ್ತು.

ತೀರ್ಮಾನ ಮಾಡಿದೆ. ಇನ್ನೂ ಭಯವಾಗುತ್ತಿದೆ. ಅಂದರೆ ತಪ್ಪಿದೆನೇ?

ಭಯವಿದ್ದಮಾತ್ರಕ್ಕೆ ತಪ್ಪಲ್ಲ. ಈಜು ಬರುವವನಿಗೂ ಹೊಳೆಯ ಮೊದಲ ಹೆಜ್ಜೆ ತಣ್ಣಗೇ ಇರುತ್ತದೆ. ತೀರ್ಮಾನವಾದ ಮೇಲೆ ಅದನ್ನು ಪ್ರಾರ್ಥನೆಯಲ್ಲಿ ದೇವರ ಮುಂದಿಟ್ಟು, ಒಪ್ಪಿಗೆಯಾದರೆ ಸ್ವೀಕರಿಸಿ ಗಟ್ಟಿಮಾಡೆಂದು ಕೇಳಬೇಕೆಂದು ಇಗ್ನೇಷಿಯಸ್ ಹೇಳುತ್ತಾರೆ. ಬಲಿಪೂಜೆಯಲ್ಲಿ ಕಾಣಿಕೆ ಅರ್ಪಿಸುವ ಹೊತ್ತಿಗೆ ನಾನು ಆ ನೋಟ್‌ಬುಕ್ಕಿನ ಹಾಳೆಯನ್ನು ಮಡಿಚಿ ಕೈಯಲ್ಲಿ ಹಿಡಿದು ನಿಂತಿದ್ದೆ. ಹೀಗೆ ಎರಡು ಮೂರು ವಾರ ಯಾರಿಗೂ ಸಾರದೆ ಇಟ್ಟುಕೊಳ್ಳಿ. ಮೇಲೆ ಅಲೆ ಎದ್ದರೂ ಅಡಿಯಲ್ಲಿ ಶಾಂತಿ ಉಳಿದಿದೆಯೇ, ಮನೆಯವರ ಜೊತೆ ಮಾತು ಮೃದುವಾಗಿದೆಯೇ, ಪ್ರಾರ್ಥನೆಗೆ ಮನಸ್ಸು ಹೋಗುತ್ತಿದೆಯೇ ಎಂದು ನೋಡಿ. ಶಾಂತಿ ದಿನೇ ದಿನೇ ಕರಗಿ, ಸಿಡುಕು ಹೆಚ್ಚಿದರೆ ಮಾರ್ಗದರ್ಶಕರ ಬಳಿಗೆ ಮತ್ತೆ ಹೋಗಿ.

ಅಂಥ ಮಾರ್ಗದರ್ಶಕರು ಎಲ್ಲಿ ಸಿಗುತ್ತಾರೆ?

ನಿಮ್ಮ ಧರ್ಮಕೇಂದ್ರದ ಗುರುಗಳು, ಸಭಾಪಾಲಕರು, ಹಿರಿಯ ಸಿಸ್ಟರ್, ಪ್ರಾರ್ಥನೆಯಲ್ಲಿ ಪಳಗಿದ ಗೃಹಸ್ಥರು, ಯಾರಾದರೂ ಆಗಬಹುದು. ನಿಮ್ಮ ತೀರ್ಮಾನದಿಂದ ಅವರಿಗೆ ಲಾಭವೂ ನಷ್ಟವೂ ಇರಕೂಡದು, ಗುಟ್ಟು ಕಾಯಬೇಕು, ಮಾತಿಗಿಂತ ಹೆಚ್ಚು ಕೇಳಬೇಕು.

ವರ್ಷಗಳ ಹಿಂದೆ ಮಾಡಿದ ತೀರ್ಮಾನ ತಪ್ಪೆಂದು ಈಗ ಅನಿಸುತ್ತಿದೆ. ಏನು ಮಾಡಲಿ?

ಬದಲಿಸಲು ಬರುವಂಥದ್ದಾದರೆ, ಉದಾಹರಣೆಗೆ ನೌಕರಿ, ಊರು, ಓದು, ಮನಸ್ಸು ಶಾಂತವಿರುವಾಗ ಇದೇ ಕ್ರಮದಲ್ಲಿ ಮತ್ತೆ ತೂಗಿ. ಬದಲಿಸಲು ಬಾರದ್ದಾದರೆ, ಆಯ್ಕೆ ಅಡ್ಡದಾರಿಯಲ್ಲಿ ಆಗಿದ್ದರೂ ಪಶ್ಚಾತ್ತಾಪಪಟ್ಟು ಅದೇ ಸ್ಥಿತಿಯಲ್ಲಿ ಚೆನ್ನಾಗಿ ಬದುಕಲು ನೋಡಬೇಕೆಂದು ಇಗ್ನೇಷಿಯಸ್ ಹೇಳುತ್ತಾರೆ. ಹೊಡೆತ, ಹಿಂಸೆ ಇರುವ ಮದುವೆಗೆ ಈ ಮಾತನ್ನು ಅನ್ವಯಿಸಬೇಡಿ. ಅಲ್ಲಿ ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ಪ್ರತ್ಯೇಕವಾಗಿ ಬಾಳಲು ಧರ್ಮಸಭೆಯ ಕಾನೂನೂ ಎಡೆ ಕೊಡುತ್ತದೆ.

ಪೌಲನು ಆಸ್ಯ ಸೀಮೆಯಲ್ಲಿ ಸಾರಲು ಹೊರಟಾಗ ತಡೆಯಾಯಿತು. ಬಿಥೂನ್ಯಕ್ಕೆ ಹೋಗಲು ನೋಡಿದಾಗ ಅದೂ ಆಗಲಿಲ್ಲ. ಎರಡು ಸಲ ದಾರಿ ತಪ್ಪಿತೆಂದು ತೋರಿದ ಮೇಲೆ ತ್ರೋವ ಎಂಬ ಬಂದರಿಗೆ ಬಂದು ಮಲಗಿದ ರಾತ್ರಿ, ಮಕೆದೋನ್ಯದವನೊಬ್ಬ ಎದುರು ನಿಂತು ನಮ್ಮ ಕಡೆಗೆ ಬಂದು ಸಹಾಯ ಮಾಡು ಎಂದು ಬೇಡುವುದನ್ನು ಅವನು ಕಂಡ. ಬೆಳಗಾದ ಕೂಡಲೇ ಅವರು ಹಡಗು ಹುಡುಕಲು ಹೊರಟರು.